ಮುಟ್ಟಿ ನೋಡದೆ ಸಹಿ ಹಾಕದವರು

ನಮ್ಮ ಭಾವನಿಗೆ ಲಿಫ್ಟ್ ರಿಪೇರಿ ಕೆಲಸ. ಲಿಫ್ಟಿನೊಳಗೆ ಗೋಡೆಗೆ ಒಂದು ತಪಾಸಣೆ ಕಾರ್ಡ್ ಅಂಟಿಸಿರುತ್ತಾರಲ್ಲ, ಅದರಲ್ಲಿ ಕೋಳಿ ಕೆದರಿದಂಥ ಸಹಿ ಕಂಡರೆ ಅದು ಅವರದೇ. ಸಹಿಯ ಪಕ್ಕದಲ್ಲಿ ‘ಮುಟ್ಟಿ ನೋಡಿದ್ದೇನೆ’ ಎಂದೂ ಬರೆದಿರುತ್ತಾರೆ. ಹಾಗೆ ಬರೆಯಲು ಅವರಿಗೆ ಯಾರೂ ಹೇಳಿಲ್ಲ. ಬ್ರೇಕು, ಉಕ್ಕಿನ ಹಗ್ಗ, ಬಾಗಿಲು ಮೂರನ್ನೂ ಕೈಯಾರೆ ಮುಟ್ಟದೆ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಸಹಿ ಹಾಕಿದವರಲ್ಲ. ಒಂದು ಸಲ ಕಟ್ಟಡದ ಮಾಲೀಕನೊಬ್ಬ ‘ಬೇಗ ಸಹಿ ಹಾಕಿ’ ಎಂದು ಅವಸರ ಮಾಡಿದ್ದಕ್ಕೆ, ಅವನನ್ನೇ ಒಂಬತ್ತು ಮಹಡಿ ಮೆಟ್ಟಿಲು ಹತ್ತಿಸಿ ಸವೆದ ಹಗ್ಗ ತೋರಿಸಿದರಂತೆ. ಇಳಿದು ಬಂದವನೇ ಆತ ಹೊಸ ಹಗ್ಗ ತರಿಸಿದನಂತೆ.

ನಾನು ಅವರ ಹೆಂಡತಿಯ ತಮ್ಮ, ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತ. ಹಾಗಾಗಿ ಮನೆಯವರ ಅರ್ಜಿಗಳೆಲ್ಲ ನನಗೇ ಗಂಟು ಬೀಳುತ್ತವೆ. ಕಳೆದ ವರ್ಷ ಭಾವನ ತೆರಿಗೆಯ ಕಾಗದಗಳನ್ನು ಹರವಿಕೊಂಡು ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಆಸ್ಪತ್ರೆ ವಿಮೆಗೆಂದು ಅವರ ಸಂಬಳದಿಂದ ಪ್ರತಿ ತಿಂಗಳೂ ಐದು ಜನರ ಕಂತು ಹೋಗುತ್ತಿತ್ತು: ಭಾವ, ಅಕ್ಕ, ಇಬ್ಬರು ಹೆಣ್ಣುಮಕ್ಕಳು, ಮತ್ತೆ ಅವರ ಜೊತೆಗೇ ಇರುವ ನಮ್ಮ ಅಮ್ಮ. ಕಂತು ಕಟ್ಟಿದ ಪ್ರತಿ ತಲೆಗೂ ತೆರಿಗೆಯಲ್ಲಿ ರಿಯಾಯಿತಿ ಉಂಟು. ಭಾವ ಕೇಳಿದ್ದು ಮಾತ್ರ ನಾಲ್ಕು ತಲೆಗೆ. ಅಮ್ಮನದನ್ನು ಮೂರು ವರ್ಷದಿಂದ ಬಿಟ್ಟೇ ಬಿಟ್ಟಿದ್ದರು.

ಬೇರೆ ಸಮಯವಾಗಿದ್ದರೆ ಗೊಣಗಿ ಸುಮ್ಮನಾಗುತ್ತಿದ್ದೆನೇನೋ. ಆದರೆ ಅಮ್ಮನ ಬಲಗಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣು ಮೊದಲೇ ಅಷ್ಟಕ್ಕಷ್ಟೆ, ದಿನಕ್ಕೆರಡು ಸಲ ಔಷಧಿಯ ಹನಿ ಹಾಕಿ ಉಳಿಸಿಕೊಂಡದ್ದು. ಆಪರೇಷನ್ನಿನ ಖರ್ಚಿನಲ್ಲಿ ವಿಮೆಯವರು ಕೊಡುವುದು ಅರ್ಧ, ಉಳಿದರ್ಧ ನಾವೇ ಹಾಕಬೇಕು. ಅಮ್ಮ ಅದಕ್ಕೆ ಒಪ್ಪುತ್ತಿರಲಿಲ್ಲ.

“ನಾನು ಯಾರ ಹಂಗಿನಲ್ಲೂ ಇದ್ದವಳಲ್ಲ. ಅಳಿಯಂದ್ರ ಸಂಬಳದಲ್ಲಿ ನನಗೆ ಕಣ್ಣು ಬೇಡ. ಒಂದೇ ಕಣ್ಣಲ್ಲಿ ಕಾಣೋದೇ ಬೇಕಾದಷ್ಟಿದೆ” ಎಂದು ಬಾಯಿ ಮುಚ್ಚಿಸಿದ್ದಳು. ಹೊಲಿಗೆ ಮಿಷನ್ ತುಳಿದು ನಮ್ಮಿಬ್ಬರನ್ನೂ ಸಾಕಿದವಳು ಅವಳು. ಕಣ್ಣು ಮಂಜಾಗಿ ಮಿಷನ್ನಿಗೆ ಮುಸುಕು ಹೊದಿಸಿ ನಾಲ್ಕು ವರ್ಷವಾಗಿತ್ತು.

ಬಿಟ್ಟುಹೋದ ಮೂರು ವರ್ಷದ ರಿಯಾಯಿತಿಯನ್ನು ಒಟ್ಟಿಗೇ ಕೇಳಬಹುದಿತ್ತು. ಲೆಕ್ಕ ಹಾಕಿದರೆ ಆ ಉಳಿದರ್ಧಕ್ಕೆ ಸರಿಹೋಗುವಂತಿತ್ತು. “ಇದು ನಿನ್ನ ತಲೆಗೆ ಬರೋ ದುಡ್ಡಮ್ಮ” ಎಂದೆ. “ಹಾಗಾದ್ರೆ ಸರಿ” ಎಂದಳು. ವಾಪಸ್ ಬರುವುದು ಭಾವನೇ ಕಟ್ಟಿದ ತೆರಿಗೆ ಎಂದು ನಾನು ಉಸಿರೆತ್ತಲಿಲ್ಲ.

ಅಮ್ಮ ಒಪ್ಪಿದಳು, ಭಾವ ಕೈಕೊಟ್ಟರು.

“ಇವರು ನನ್ನ ಮೇಲೆ ಅವಲಂಬಿತರು ಅಂತ ನಾನು ಸಹಿ ಹಾಕ್ಬೇಕಂತೆ. ಹೇಗೆ ಹಾಕ್ಲಿ? ಸುಳ್ಳಲ್ವಾ ಅದು?”

“ಸುಳ್ಳು ಹೇಗಾಗತ್ತೆ ಭಾವ? ಅಮ್ಮನಿಗೆ ಈಗ ಒಂದು ಕಾಸಿನ ಸಂಪಾದನೆ ಇದೆಯಾ?”

“ನಾನು ಕಾಲು ಮುರ್ಕೊಂಡು ಎಂಟು ತಿಂಗಳು ಬಿದ್ದಿದ್ದಾಗ ಮಿಷನ್ ತುಳಿದು ಈ ಮನೆ ನಡೆಸಿದ್ದು ಯಾರು? ಮಕ್ಕಳನ್ನ ಎತ್ತಿ ಆಡಿಸಿದ್ದು ಯಾರು? ಬೀಗದಕೈ ಈಗ್ಲೂ ಯಾರ ಹತ್ರ ಇದೆ? ಯಾರು ಯಾರನ್ನ ಅವಲಂಬಿಸಿರೋದು, ನೀನೇ ಹೇಳು.”

ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಕಾನೂನು ಹೇಳಿದೆ, ಕೂಗಾಡಿದೆ, ಕೊನೆಗೆ ಕಾಲಿಗೆ ಬೀಳುವುದೊಂದು ಬಾಕಿ. ಮನುಷ್ಯ ಜಪ್ಪಯ್ಯ ಅನ್ನಲಿಲ್ಲ. ಅರ್ಜಿ ಕೊಡಲು ಉಳಿದದ್ದು ಒಂದೇ ವಾರ. ತಲೆ ಕೆಟ್ಟು, ಇದ್ದದ್ದನ್ನು ಇದ್ದ ಹಾಗೆ ಅಮ್ಮನಿಗೆ ಹೇಳಿಬಿಟ್ಟೆ. ಅವಳು ಎದ್ದು ಒಳಗೆ ಹೋದಳು.

ಭಾನುವಾರ ಬೆಳಗ್ಗೆ ಭಾವ ಎಂದಿನಂತೆ ಅಮ್ಮನನ್ನು ಕಿಟಕಿಯ ಬಳಿ ಕೂರಿಸಿ ಔಷಧಿಯ ಸೀಸೆ ತೆಗೆದರು. ಹನಿ ಹಾಕುವುದು ಅವರ ಪಾಲಿನ ಕೆಲಸ. ಅಕ್ಕ ಹಾಕಲು ಹೋದರೆ ಹೆದರಿ ತಾನೇ ಕಣ್ಣು ಮುಚ್ಚಿಕೊಳ್ಳುತ್ತಾಳೆ. ನನ್ನ ಕೈ ಪೆನ್ನು ಹಿಡಿಯಲಷ್ಟೇ ಲಾಯಕ್ಕು.

“ಸ್ವಲ್ಪ ತಡೀರಿ ಅಳಿಯಂದ್ರೇ. ಇವತ್ತಿಂದ ನೀವು ಹಾಕೋದು ಬೇಡ, ನಾನೇ ಹಾಕ್ಕೋತೀನಿ” ಎಂದಳು ಅಮ್ಮ.

“ಯಾಕತ್ತೆ?”

“ನಾನೇನು ನಿಮ್ಮನ್ನ ಅವಲಂಬಿಸಿಲ್ವಲ್ಲ.”

ಸೀಸೆ ಕಸಿದುಕೊಂಡು ತಲೆ ಎತ್ತಿದಳು. ಮೊದಲ ಹನಿ ಕೆನ್ನೆಗೆ ಬಿತ್ತು, ಎರಡನೆಯದು ಕಿವಿಗೆ. ಮಕ್ಕಳು ಕಿಸಕ್ಕನೆ ನಕ್ಕರು. ಭಾವ ನಗಲಿಲ್ಲ. ಮೂರನೆಯದು ಸೀರೆಯ ಮೇಲೆ ಬಿದ್ದಾಗ ಅಮ್ಮ ಸೀಸೆಯನ್ನು ಅವರ ಕೈಗೆ ಕೊಟ್ಟಳು.

“ನೋಡಿದ್ರಲ್ಲ. ನೀವಿಲ್ದಿದ್ರೆ ಈ ಕಣ್ಣು ಯಾವತ್ತೋ ಹೋಗಿರ್ತಿತ್ತು. ಬಾಯಿಬಿಟ್ಟು ಹೇಳೋಕೆ ಇಷ್ಟು ದಿನ ಮನಸ್ಸು ಬರ್ಲಿಲ್ಲ, ಇವತ್ತು ಹೇಳ್ತಿದ್ದೀನಿ. ನಾನು ನಿಮ್ಮ ಹಂಗಿನಲ್ಲೇ ಇದ್ದೀನಿ. ಮುಟ್ಟಿ ನೋಡಿ, ಸಹಿ ಹಾಕಿ.”

ಹಂಗು ಎಂಬ ಮಾತಿಗೆ ಉರಿದು ಬೀಳುತ್ತಿದ್ದವಳು ತಾನಾಗಿ ಅದನ್ನು ಹೇಳಿದ್ದಳು. ಭಾವ ಅವಳ ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ ಒಂದೇ ಒಂದು ಹನಿ ಹಾಕಿದರು. ಅದು ಬೀಳಬೇಕಾದಲ್ಲೇ ಬಿತ್ತು. ಕೈ ಒರೆಸಿಕೊಂಡು ಬಂದು ನನ್ನ ಪೆನ್ನು ಕೇಳಿದರು. ನನಗೆ ಬೆನ್ನು ತಿರುಗಿಸಿ ತುಂಬ ಹೊತ್ತು ಬರೆದು, ಲಕೋಟೆಗೆ ತಾವೇ ಅಂಟು ಹಚ್ಚಿ, ತಾವೇ ಹೋಗಿ ಅಂಚೆಗೆ ಹಾಕಿ ಬಂದರು.

ಎರಡು ತಿಂಗಳಿಗೆ ದುಡ್ಡು ಬಂತು, ಆಪರೇಷನ್ನೂ ಆಯಿತು. ಪಟ್ಟಿ ಬಿಚ್ಚಿದ ವಾರದಲ್ಲಿ ತೆರಿಗೆ ಕಚೇರಿಯಿಂದ ಅರ್ಜಿಯ ಪ್ರತಿ ಮುದ್ರೆ ಹಾಕಿಸಿಕೊಂಡು ಮನೆಗೆ ಬಂತು. ಫೈಲಿಗೆ ಸೇರಿಸಲು ಕೈ ಚಾಚಿದೆ. ಅಮ್ಮ ಬಿಡಲಿಲ್ಲ. ಹೊಸ ಕಣ್ಣಿನಲ್ಲಿ ಮೊದಲು ಓದುವ ಕಾಗದ ತನ್ನದೇ ಆಗಬೇಕಂತೆ. ಕೋಳಿ ಕೆದರಿದ ಅಕ್ಷರವನ್ನು ಒಂದೊಂದಾಗಿ ಕೂಡಿಸಿ ಗಟ್ಟಿಯಾಗಿ ಓದಿದಳು.

“ಅವಲಂಬನೆಯ ವಿವರ: ಇವರ ಊಟ, ಔಷಧಿಯ ಖರ್ಚು ನನ್ನದು. ದಿನಕ್ಕೆರಡು ಸಲ ಕಣ್ಣಿಗೆ ಹನಿ ಹಾಕುವುದೂ ನಾನೇ. ಉಳಿದ ಎಲ್ಲದಕ್ಕೂ ನಾನೇ ಇವರನ್ನು ಅವಲಂಬಿಸಿದ್ದೇನೆ. ಮುಟ್ಟಿ ನೋಡಿದ್ದೇನೆ.”

ಸರ್ಕಾರಿ ಅರ್ಜಿಯಲ್ಲಿ ಹೀಗೆಲ್ಲ ಬರೆಯುವುದುಂಟೇ ಎಂದು ರೇಗಲು ಬಾಯಿ ತೆರೆದವನು ಅಮ್ಮನ ಮುಖ ನೋಡಿ ಮುಚ್ಚಿಕೊಂಡೆ. ಭಾವ ಬಾಗಿಲ ಬಳಿ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದರು, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು.

“ಅಳಿಯಂದ್ರೇ, ಕೆಲಸಕ್ಕೆ ಆಮೇಲೆ ಹೋಗಿ” ಎಂದಳು ಅಮ್ಮ, ಸೆರಗಿನಿಂದ ಕೆನ್ನೆ ಒರೆಸಿಕೊಳ್ಳುತ್ತಾ. “ಆ ಸೀಸೆ ತಗೊಂಡು ಬನ್ನಿ. ಬೆಳಗ್ಗೆ ಹಾಕಿದ್ದೆಲ್ಲ ಹರಿದುಹೋಯ್ತು.”