ಬೆನ್ನಪ್ಪನ ಮುಖ

ಯಡ್ರಾವದ ಲಖನನಿಗೆ ಕಿವಿ ಕೇಳುವುದಿಲ್ಲ. ಹುಟ್ಟಿನಿಂದ ಬಂದದ್ದಲ್ಲ, ಮಗ್ಗದಿಂದ ಬಂದದ್ದು. ಮೀಸೆ ಚಿಗುರುವ ಮೊದಲೇ ಪವರ್‌ಲೂಮಿನ ಮುಂದೆ ನಿಂತ. ಆ ಖಟಖಟ ಸಪ್ಪಳ ಗೆದ್ದಲು ತೊಲೆ ತಿಂದ ಹಾಗೆ ಅವನ ಕಿವಿಯನ್ನು ತಿಂದಿತು. ಈಗ ತುಟಿ ನೋಡಿ ಮಾತು ಹಿಡಿಯುತ್ತಾನೆ. ಅದೇ ಶೆಡ್ಡಿನಲ್ಲಿ ನಾನು ಜಾಬರ್, ಅಂದರೆ ಕೆಟ್ಟ ಮಗ್ಗ ಸರಿಮಾಡುವವ. ಸಾಲಿಯ ಕಟ್ಟೆ ಹತ್ತಿದವನಲ್ಲ ನಾನು. ಮಗ್ಗವನ್ನೂ ಅಕ್ಷರವನ್ನೂ ಬಿಚ್ಚಿ ಜೋಡಿಸಿಯೇ ಕಲಿತೆ.

ನಡೆಯುವ ಶೆಡ್ಡಿನಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವನಿಗೆ ಕೇಳದು. ಅದಕ್ಕೇ ನಮ್ಮಲ್ಲಿ ಹೆಗಲು ತಟ್ಟುವ ರೂಢಿ. ಹಿಂದಿನಿಂದ ಬಂದು ಎಡ ಹೆಗಲು ತಟ್ಟಿದರೆ ಎಡಗಡೆಯ ಮಗ್ಗದಲ್ಲಿ ಎಳೆ ಹರಿದಿದೆ, ಬಲ ಹೆಗಲು ತಟ್ಟಿದರೆ ಬಲಗಡೆ. ಲಖನನ ಹೆಗಲು ತಟ್ಟುತ್ತಿದ್ದವನು ಧನರಾಜ. ಇಬ್ಬರದೂ ಒಂದೇ ಪಾಳಿ, ಒಂದೇ ರೊಟ್ಟಿಗಂಟು.

ಆ ಕಾಲಕ್ಕೆ ವಾರಕ್ಕೊಂದು ದಿನ ಕರೆಂಟು ಕಡಿಯುತ್ತಿದ್ದರು. ಮಗ್ಗ ನಿಂತದ್ದೇ ತಡ, ಇಬ್ಬರೂ ಇಚಲಕರಂಜಿ ರಸ್ತೆಯ ಶಾಂತಿನಾಥನ ವಿಡಿಯೋ ಗೇಮ್ ಅಂಗಡಿಗೆ ಓಟ. ಅಲ್ಲಿ ಜನರೇಟರ್ ಇತ್ತು. ಅವರ ಆಟ ಒಂದೇ. ಖಾಕಿ ಜಾಕೀಟಿನ ಒಬ್ಬ ಆಳು ಬಂದೂಕು ಹಿಡಿದು, ಯಾವುದೋ ಬಂದರಿನ ಗೋದಾಮುಗಳಲ್ಲಿ ವೈರಿಗಳನ್ನು ಹೊಡೆಯುತ್ತ ಹೋಗುತ್ತಾನೆ. ಆಡುವವನು ಅವನ ಹಿಂದೆ ಹಿಂದೆಯೇ ಹೋಗಬೇಕು, ಕಾಣುವುದು ಬೆನ್ನು ಮಾತ್ರ. ಅದಕ್ಕೇ ಅವನಿಗೆ ಬೆನ್ನಪ್ಪ ಅಂತ ಹೆಸರಿಟ್ಟರು. ಕಟ್ಟಕಡೆಗೆ ತಿರುಗಿ ಮುಖ ತೋರಿಸುತ್ತಾನೆ ಎಂದು ಶಾಂತಿನಾಥ ಹೇಳಿದ್ದ.

"ಭಾರಿ ಮೀಸಿ ಇರತಾವು ನೋಡ ಅವಂಗ," ಅನ್ನುವನು ಲಖನ್.

"ಆ ಬೆನ್ನಿಗೆ ಮೀಸಿ ಒಪ್ಪತಾವೇನೋ ಮಬ್ಬ? ನಿನ್ನಂಗ ಬೋಳ ಮಾರಿ ಇರತೈತಿ," ಅನ್ನುವನು ಧನರಾಜ.

ಹಿಂದಿನಿಂದ ವೈರಿ ಬಂದರೆ ಹೆಜ್ಜೆಯ ಸಪ್ಪಳದಿಂದಲೇ ತಿಳಿಯಬೇಕು. ಲಖನನಿಗೆ ಆಗಲೇ ಸಣ್ಣ ಸಪ್ಪಳ ಹಿಡಿಯುತ್ತಿರಲಿಲ್ಲ. ಧನರಾಜ ಬೆನ್ನಿಗೆ ನಿಂತು, ಶೆಡ್ಡಿನ ಹಾಗೆಯೇ, ಎಡವೋ ಬಲವೋ ತಟ್ಟುವನು. ಆದರೂ ಆ ಮುಖ ನೋಡುವ ಯೋಗ ಬರಲಿಲ್ಲ. ಕರೆಂಟು ಬಂತೆಂದರೆ ಊರಿಗೆ ಊರೇ ಖಟಖಟ ಎದ್ದು ಕೂರುವುದು, ಇವರು ಅರ್ಧಕ್ಕೇ ಬಿಟ್ಟು ಓಡುವುದು. ಬಿಟ್ಟಲ್ಲಿಂದ ಹಿಡಿಯುವ ಸವಲತ್ತು ಆ ಮಷೀನಿಗೆ ಇರಲಿಲ್ಲ. ಮುಂದಿನ ವಾರ ಮತ್ತೆ ಮೊದಲಿನಿಂದ. ನೋಡಿದರೆ ಇಬ್ಬರೂ ಕೂಡಿ ಆಡಿಯೇ ನೋಡುವುದು ಅಂತ ಮಾತಾಗಿತ್ತು.

ಆಮೇಲೆ ಧನರಾಜ ಮದುವೆಯಾಗಿ ಜಯಸಿಂಗಪುರ ಸೇರಿ ಮೊಬೈಲ್ ಅಂಗಡಿ ಇಟ್ಟ. ಲಖನನಿಗೆ, ಕಿವುಡನೆಂದು, ಯಾರೂ ಹೆಣ್ಣು ಕೊಡಲಿಲ್ಲ. ಅವ್ವ ಧೊಂಡುಬಾಯಿ ತೀರಿಕೊಂಡ ಮೇಲೆ ಅವನ ಖೋಲಿಯಲ್ಲಿ ಉಣ್ಣುವ ತಾಟೊಂದೇ ಸದ್ದು ಮಾಡುತ್ತದೆ. ಅದೂ ಅವನಿಗೆ ಕೇಳಿಸದು.

ಈ ವರ್ಷ ದೀಪಾವಳಿಗೆ ಅಟ್ಟದ ಹಳೆಯ ಸಾಮಾನು ಕೆಡವಿದ ಶಾಂತಿನಾಥ, ಗುಜರಿಗೆ ಹಾಕುವ ಬದಲು ಆ ಮಷೀನನ್ನು ಲಖನನಿಗೆ ಕೊಟ್ಟ. ಈಗ ಕರೆಂಟು ಹೋಗುವುದಿಲ್ಲ. ರಜೆಯ ದಿನವಿಡೀ ಆಡುತ್ತಾನೆ. ಆದರೆ ಮೂರನೆಯ ಗೋದಾಮಿನಲ್ಲಿ ಹಿಂದಿನಿಂದ ಗುಂಡು ಬೀಳುತ್ತದೆ, ಬೆನ್ನಪ್ಪ ಕವುಚಿ ಬೀಳುತ್ತಾನೆ. ಎಷ್ಟು ಸಲ ಹೋದರೂ ಅಲ್ಲಿಯೇ.

ಕಡೆಗೊಂದು ಐತವಾರ ಇಸ್ತ್ರಿ ಅಂಗಿ ಹಾಕಿಕೊಂಡು, ಧನರಾಜನನ್ನು ಕರೆತರುತ್ತೇನೆಂದು ಜಯಸಿಂಗಪುರದ ಬಸ್ಸು ಹತ್ತಿದ. ಸಂಜೆ ಒಬ್ಬನೇ ಬಂದ. ಏನಾಯಿತೆಂದು ನಾನೇ ಕೇಳಿದೆ.

"ಚಹಾ ಕುಡಿಸಿದಾರಿ ಮಾಮಾ. ಭಾಳ ಖುಷಿ ಆದ. 'ಇನ್ನೂ ಅದನ್ನ ಹಿಡಕೊಂಡ ಕುಂತೀಯೇನೋ ಲಖ್ಯಾ, ಹುಚ್ಚಗಿಚ್ಚ ಹಿಡದೈತೇನ?' ಅಂತ ನಕ್ಕ. 'ಅದಕ್ಕ ಯಡ್ರಾವತನಾ ಯಾಕ ಬರಬೇಕ? ಮೊಬೈಲದಾಗ ಐತಿ, ಕಡೀದಷ್ಟ ನೋಡಿ ಹೋಗು' ಅಂದು ಮಾರಿ ಮುಂದ ಹಿಡದಾ."

"ನೋಡಿದ್ಯಾ ಮತ್ತ?"

"ಕಣ್ಣ ಮುಚ್ಚಿದ್ನಿರಿ."

ಕಿವಿ ಇಲ್ಲದವನು ಕಣ್ಣೂ ಮುಚ್ಚಿದರೆ ಲೋಕದ ಯಾವ ಸುದ್ದಿಯೂ ಅವನಿಗೆ ಮುಟ್ಟುವುದಿಲ್ಲ. ಲಖನ್ ಅಂಗಿಯ ಗುಂಡಿ ಬಿಚ್ಚತೊಡಗಿದ.

"ಎಡಾ ಹೆಗಲ ತಟ್ಟಿದಾರಿ. ನೋಡ, ನೋಡ ಅಂತ ಇರಬೇಕು. ಮೊದಲ ತಟ್ಟತಿದ್ನಲ್ರಿ, ಹಂಗ. ನಾ ಕಣ್ಣ ತಗೀಲಿಲ್ಲ. ಆಮ್ಯಾಲ ಗಿರಾಕಿ ಬಂದ್ರು."

ಹಾಗೆ ಹೇಳಿ ಒಳಗೆ ಹೋಗಿ ಮಷೀನು ಹಚ್ಚಿದ. ನನಗೆ ತಡೆಯಲಾಗಲಿಲ್ಲ. ಎದುರಿಗೆ ಹೋಗಿ, "ನಾ ನಿಂದರತೇನಿ ತಗೋ ಹಿಂದ. ಶೆಡ್ಡಿನಾಗ ಮಂದಿ ಹೆಗಲ ನಾ ಏನ ಕಡಿಮಿ ತಟ್ಟೇನಿ?" ಅಂದೆ. ಅವನು ನಕ್ಕು ಬೆನ್ನ ಹಿಂದೆ ನನಗೆ ಜಾಗ ಬಿಟ್ಟ. ಮೂರನೆಯ ಗೋದಾಮು ಬಂತು. ಹೆಜ್ಜೆ ಸಪ್ಪಳ ಕೇಳಿಸಿತು; ಎಡವೋ ಬಲವೋ ಎಂದು ತಿಳಿದು ತಟ್ಟುವಷ್ಟರಲ್ಲಿ ಬೆನ್ನಪ್ಪ ನೆಲಕ್ಕೆ ಬಿದ್ದಿದ್ದ. ಮತ್ತೊಮ್ಮೆ ಆಡಿದೆವು. ಆಗಲೂ ನನ್ನ ಕೈ ತಡವಾಯಿತು.

"ಇರಲಿ ಬಿಡ್ರಿ ಮಾಮಾ. ನೀವು ಕುಂದರ್ರಿ, ಕಾಲ ನೋವತಾವು," ಅಂದ, ಮೆತ್ತಗೆ.

ನಾನು ಹಿಂದಿನ ಹೊರಸಿನ ಮೇಲೆ ಕುಳಿತೆ. ಅವನು ಮೊದಲಿನಿಂದ ಶುರು ಮಾಡಿದ. ಅವನಿಗೆ ಬೆನ್ನಪ್ಪನ ಬೆನ್ನು ಕಾಣುತ್ತಿತ್ತು, ನನಗೆ ಅವನದು. ಮೂರನೆಯ ಗೋದಾಮಿನ ಬಾಗಿಲು ತೆರೆದಾಗ, ಲಖನ್ ಎಡ ಹೆಗಲನ್ನು ಇಷ್ಟೇ ಇಷ್ಟು ಹಿಂದಕ್ಕೆ ಕೊಟ್ಟು, ಕಾದ.