‘ನಿಮ್ಮ ಮರ್ಜಿ’ ಎಂದುಬಿಟ್ಟೆ

ಅಕ್ಕನ ಕೆಲಸ ಉಳಿಸಲು ನಾನು ಒಂದು ಮಾತೂ ಆಡಲಿಲ್ಲ. ಹುಮನಾಬಾದಿನ ಬೇಳೆ ಮಿಲ್ಲಿನಲ್ಲಿ ಅವಳು ಕಾಳು ಹಸನು ಮಾಡುತ್ತಿದ್ದಳು. ಆಳುಗಳನ್ನು ನೋಡಿಕೊಳ್ಳುವ ಮುಕಾದಮ ನಾನೇ. ಸರ್ಕಾರ ಕನಿಷ್ಠ ಕೂಲಿ ಹೆಚ್ಚಿಸಿತು. ಎಲ್ಲರಿಗೂ ಅಷ್ಟು ಕೊಡಲಾಗದೆಂದು ಮಾಲೀಕರು ಯಂತ್ರ ತರಿಸಿ, ಅರ್ಧ ಹೆಂಗಸರನ್ನು ಬಿಡಿಸಲು ಹೊರಟರು. ಯಾರನ್ನು ಇಟ್ಟುಕೊಳ್ಳಲಿ ಎಂದು ನನ್ನನ್ನೇ ಕೇಳಿದರು. ಅಕ್ಕನ ಹೆಸರು ಹೇಳಿದರೆ, ಮನೆಯವರ ಪರ ವಹಿಸಿದನೆಂದು ನನ್ನ ಕೆಲಸಕ್ಕೇ ಕುತ್ತು ಬಂದೀತೆಂದು ಹೆದರಿ, “ನಿಮ್ಮ ಮರ್ಜಿರಿ ಸಾವಕಾರ್ರ” ಎಂದುಬಿಟ್ಟೆ.

ಅಕ್ಕನ ಕೆಲಸ ಹೋಯಿತು. ಬೇರೆ ಕೆಲಸ ಹುಡುಕಿಕೊಂಡು ಅವಳು ಬಸವಕಲ್ಯಾಣಕ್ಕೆ ಹೋದಳು. ಮನೆಯಲ್ಲಿ ಉಳಿದವನು ನಾನೊಬ್ಬನೇ. ಹೆಚ್ಚಾದ ಪಗಾರದಲ್ಲಿ ಟಿವಿ ತಂದೆ. ಊಟಕ್ಕೆ ಕೂತಾಗ ಮನೆಯಲ್ಲಿ ಅದೊಂದೇ ಮಾತಾಡುತ್ತದೆ.

ಕಳೆದ ವಾರ ಅವಳನ್ನು ಹುಡುಕಿಕೊಂಡು ಹೋದೆ. ಒಂದು ಖಾನಾವಳಿಯ ಹಿಂದೆ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. “ಇಲ್ಲೂ ಹೊಸ ಪಗಾರ ಕೊಡ್ತಾರೇನಕ್ಕಾ?” ಎಂದು ಕೇಳಿದೆ. ಅವಳು ಗಾಬರಿಯಿಂದ ಬಾಗಿಲ ಕಡೆ ನೋಡಿದಳು.

“ಮೆಲ್ಲಕ ಮಾತಾಡೋ! ಮಿಲ್ಲಿನಾಗ ಸಿಗ್ತಿದ್ದ ಹಳೇ ಪಗಾರನೂ ಇಲ್ಲಿಲ್ಲ. ಈ ಖಾನಾವಳಿ ಸಾವಕಾರ ಕೇಳಿಸ್ಕೊಂಡ್ರ ಇದೂ ಹೋಗ್ತದ.” ಆಮೇಲೆ ನಕ್ಕು, “ಬಾಯಿ ಮುಚ್ಕೊಂಡಿರೋದು ನಿನಗೇನ್ ಹೊಸಾದೇನೋ?” ಎಂದಳು.

ನನ್ನನ್ನು ಊಟಕ್ಕೆ ಕೂರಿಸಿ, ತಾನೇ ಬಿಸಿ ರೊಟ್ಟಿ ತಂದು ನನ್ನ ತಟ್ಟೆಗೆ ಹಾಕಿದಳು. ಮುರಿಯಲು ಕೈ ಏಳಲಿಲ್ಲ. “ಅವತ್ತು ನಿನ್ನ ಸಲುವಾಗಿ ನಾ ಮಾತಾಡಬೇಕಿತ್ತಕ್ಕಾ. ಹೆದರಿದೆ. ತಪ್ಪಾತು, ಮಾಫ್ ಮಾಡು” ಎಂದೆ.