ಒದ್ದೆ ಬಿದಿರು

ಹುದಿಕೇರಿ ಬಳಿಯ ಶಾಲೆಗೆ ರಂಜಿತಾ ವಿಜ್ಞಾನ ಕಲಿಸಲು ಬಂದು ಒಂಬತ್ತು ವರ್ಷ. ಕುಶಾಲನಗರದ ಕಡೆಯವರು. ಪುಸ್ತಕ ಓದಿಸಿ ಪಾಠ ಮುಗಿಸುವುದು ಅವರಿಗೆ ಒಗ್ಗುತ್ತಿರಲಿಲ್ಲ, ಏನನ್ನಾದರೂ ಮಕ್ಕಳ ಕೈಗೆ ಕೊಡಲೇಬೇಕು.

ಫೆಬ್ರವರಿಯ ಒಂದು ಗುರುವಾರ ಬ್ಯಾಟರಿ, ಬಲ್ಬು, ಎರಡು ತಂತಿ ಮೇಜಿನ ಮೇಲಿದ್ದವು. ಮಕ್ಕಳು ಮೊಳೆ, ಚಮಚ, ಚಪ್ಪಲಿಯ ತುಂಡು ಎಲ್ಲವನ್ನೂ ತಂತಿಗೆ ತಾಗಿಸಿ ನೋಡಿದರು. ಏಳನೇ ತರಗತಿಯ ಮೋಕ್ಷಿತಾ ಬಿದಿರಿನ ಚೂರು ಇಟ್ಟಳು. ಬಲ್ಬು ಹೊತ್ತಲಿಲ್ಲ.

"ಬಿದಿರಲ್ಲಿ ಕರೆಂಟ್ ಹೋಗಲ್ವಾ ಮಿಸ್?"

"ಹೋಗಲ್ಲ. ಕಾಳುಮೆಣಸು ಕುಯ್ಯೋಕೆ ಅಲ್ಯೂಮಿನಿಯಂ ಏಣಿ ಬೇಡ ಅನ್ನೋದು ಅದಕ್ಕೇ. ಮೇಲಿನ ಲೈನಿಗೆ ತಾಗಿದ್ರೆ ಜೀವ ಹೋಗುತ್ತೆ."

"ಹಂಗಾದ್ರೆ ಅಪ್ಪಂಗೆ ಬಿದಿರೇಣಿ ಮಾಡೋಕೆ ಹೇಳ್ತೀನಿ."

ರಂಜಿತಾಗೆ ಹೆಮ್ಮೆಯೆನಿಸಿತು.

ಶನಿವಾರ ಸಂಜೆ ಕಾಫಿ ಹೂ ಅರಳಿಸುವ ಹೂಮಳೆ ಸುರಿಯಿತು. ಒಣಹಾಕಿದ್ದ ಬಟ್ಟೆ ತೆಗೆಯಲು ಓಡಿದ ರಂಜಿತಾ ನೆಂದ ಸೀರೆ ಹಿಡಿದು ಅಲ್ಲೇ ನಿಂತರು. ಒಣ ಬಿದಿರನ್ನಷ್ಟೇ ತೋರಿಸಿದ್ದೆ. ಒದ್ದೆಯಾದರೆ? ಮೋಕ್ಷಿತಾಳ ತಂದೆ ಬೋಜಪ್ಪನಿಗೆ ಫೋನ್ ಮಾಡಿದರು. ಮೂರು ಸಲವೂ ಸಿಗಲಿಲ್ಲ.

ಭಾನುವಾರ ಬೆಳಕು ಹರಿಯುತ್ತಲೇ ಸ್ಕೂಟರ್ ತೆಗೆದರು. ಬೋಜಪ್ಪನ ತೋಟದಲ್ಲಿ ಹೊಸ ಬಿದಿರೇಣಿ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಒರಗಿತ್ತು, ನೀರು ತೊಟ್ಟಿಕ್ಕುತ್ತಿತ್ತು. ಅದರ ತುದಿಗೂ ವಿದ್ಯುತ್ ತಂತಿಗೂ ನಡುವೆ ಒಂದು ಮಾರು ಸಹ ಇರಲಿಲ್ಲ. ಬುಡದಲ್ಲಿ ಖಾಲಿ ಚೀಲ. ಯಾರೂ ಕಾಣಲಿಲ್ಲ.

"ಬೋಜಪ್ಪಾ!"

ಮನೆಯ ಹಿಂದಿನಿಂದ ಕಾಫಿ ಲೋಟ ಹಿಡಿದು ಬೋಜಪ್ಪ ಬಂದ. "ಏನ್ ಮಿಸ್, ಇಷ್ಟು ಹೊತ್ತಿಗೆ?"

"ಏಣಿ ಹತ್ತಿದ್ರಾ?"

"ನೆಂದ ಏಣಿ ಯಾರು ಹತ್ತುತ್ತಾರೆ ಮಿಸ್? ಜಾರಿ ಬಿದ್ದು ಸಾಯೋಕೆ ಕರೆಂಟೇ ಬೇಕಾ?"

ರಂಜಿತಾ ಮನೆಯ ಮೆಟ್ಟಿಲ ಮೇಲೆ ಕೂತು ನಗತೊಡಗಿದರು. ನಗುತ್ತಲೇ ಕಣ್ಣು ತುಂಬಿತು.

"ನಾನು ಅರ್ಧ ಪಾಠ ಮಾಡಿದ್ದೆ ಬೋಜಪ್ಪ. ಒದ್ದೆ ಬಿದಿರಲ್ಲಿ ಕರೆಂಟ್ ಬರುತ್ತೆ. ಒಣಗಿದ್ರೂ ತಂತಿ ಹತ್ತಿರ ಬೇಡ."

ಇಬ್ಬರೂ ಸೇರಿ ಏಣಿಯನ್ನು ತಂತಿಯಿಂದ ದೂರಕ್ಕೆ ವಾಲಿಸಿ ನೆಲಕ್ಕಿಳಿಸಿದರು. ಆಮೇಲೆ ಮೋಕ್ಷಿತಾ ತಂದ ಕಾಫಿಯನ್ನು ರಂಜಿತಾ ಎರಡು ಲೋಟ ಕುಡಿದರು.

ಸೋಮವಾರ ತರಗತಿಯಲ್ಲಿ ಮೊದಲು ಹೇಳಿದ್ದೇ, "ಗುರುವಾರ ನಾನು ತಪ್ಪು ಹೇಳಿದ್ದೆ." ಕಿಟಕಿ ಮುಚ್ಚಿಸಿ, ಮಳೆಗೆ ನೆಂದ ಹಸಿ ಬಿದಿರಿಗೆ ದೊಡ್ಡ ಬ್ಯಾಟರಿಯನ್ನೂ ಪುಟ್ಟ ಎಲ್‌ಇಡಿಯನ್ನೂ ಜೋಡಿಸಿದರು. ಕತ್ತಲಲ್ಲಿ ಒಂದು ಮಂಕು ಚುಕ್ಕೆ ಹೊತ್ತಿತು.

"ಈ ಬ್ಯಾಟರಿಗೇ ಇಷ್ಟು. ತೋಟದ ಮೇಲಿನ ಲೈನಿಗೆ?"

ಮೋಕ್ಷಿತಾ ಕೈಯೆತ್ತಿದಳು. "ಅಪ್ಪ ಲೈನ್‌ಮ್ಯಾನ್ ಹತ್ರ ಮಾತಾಡಿದ್ರು ಮಿಸ್. ಬುಧವಾರ ಲೈನ್ ಆಫ್ ಮಾಡ್ತಾರಂತೆ. ಆಮೇಲೇ ಕುಯ್ಯೋದು."

ಆ ರಾತ್ರಿ ರಂಜಿತಾಗೆ ಒಳ್ಳೆಯ ನಿದ್ದೆ ಬಂತು.